ಯಜಮಾನರ ವಾಚು

ಲಾಂಡ್ರಿಯ ಒಳಕೋಣೆಯಲ್ಲಿ ಮೂರು ಯಂತ್ರಗಳು. ಒಗೆಯುವುದೊಂದು, ಹಿಂಡುವುದೊಂದು, ಒಣಗಿಸುವುದೊಂದು. ಮೂರೂ ಒಟ್ಟಿಗೆ ಶುರುವಾದವೆಂದರೆ ಪಕ್ಕದಲ್ಲೇ ನಿಂತು ಕೂಗಿದರೂ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಒಗೆಯುವ ಯಂತ್ರಕ್ಕೆ ಲಾಂಡ್ರಿಯಮ್ಮ ಇಟ್ಟ ಹೆಸರು ‘ಅತ್ತೆಯವರು’. ಅವಳು ಸೊಸೆಯಾಗಿ ಬಂದಾಗಲೇ ಅದಕ್ಕೆ ವಯಸ್ಸಾಗಿತ್ತು. ತಾನಾಗಿ ನೀರು ಬಿಡುವುದಿಲ್ಲ, ತಾನಾಗಿ ನಿಲ್ಲುವುದಿಲ್ಲ, ಹೊತ್ತು ಹೊತ್ತಿಗೆ ಯಾರಾದರೂ ಎದುರಿಗೆ ನಿಂತು ಕೇಳಿದ್ದನ್ನು ಕೊಡಬೇಕು. ಬಿಳಿ ಬಟ್ಟೆಗೆ ಬ್ಲೀಚ್ ಸುರಿದ ಮೇಲೆ ಹನ್ನೆರಡು ನಿಮಿಷಕ್ಕೆ ಸರಿಯಾಗಿ ನೀರು ಬಸಿಯಲೇಬೇಕು. ಮರೆತರೆ ಬಟ್ಟೆಯ ಕಥೆ ಮುಗಿಯಿತು. ಅದಕ್ಕೆಂದೇ ಗೋಡೆಗೊಂದು ಗಂಟೆ ಹಾಕಿಸಿದ್ದರು. ಆ ಗದ್ದಲದಲ್ಲಿ ಗಂಟೆ ಹೊಡೆದದ್ದು ಗಂಟೆಗಾದರೂ ಗೊತ್ತಾಗುತ್ತಿತ್ತೋ ಇಲ್ಲವೋ.

ಅವಳ ಗಂಡ, ಲಾಂಡ್ರಿಯ ಯಜಮಾನರಿಗೆ ಅರವತ್ತು ತುಂಬಿದ ದಿನ ಮಗಳು ಒಂದು ಸ್ಮಾರ್ಟ್‌ವಾಚ್ ತಂದುಕೊಟ್ಟಳು. ದಿನಕ್ಕೆ ಎಷ್ಟು ಹೆಜ್ಜೆ ನಡೆದಿರಿ, ಎಷ್ಟು ಹೊತ್ತು ಮಲಗಿದಿರಿ, ಎದೆ ಎಷ್ಟು ಸಲ ಬಡಿಯಿತು, ಎಲ್ಲ ಹೇಳುತ್ತದೆ ಎಂದಳು. ಅಪ್ಪನ ವಯಸ್ಸು, ಎತ್ತರ, ತೂಕ ಅದಕ್ಕೆ ತುಂಬಿ ಅವರ ಫೋನಿಗೆ ಜೋಡಿಸಿದಳು. ಫೋನು ಹತ್ತಿರ ಬಂದಾಗ ವಾಚು ಹೇಳಿದ್ದೆಲ್ಲ ಅದರಲ್ಲೂ ಕಾಣುತ್ತಿತ್ತು. ಯಜಮಾನರಿಗೆ ತಾವು ಎಷ್ಟು ನಡೆದೆವು ಎಂಬುದರಲ್ಲಿ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಆದರೆ ಹನ್ನೆರಡು ನಿಮಿಷಕ್ಕೆ ಹೇಳಿಟ್ಟರೆ ಹನ್ನೆರಡನೆಯ ನಿಮಿಷಕ್ಕೆ ಅದು ಮಣಿಕಟ್ಟಿನ ಮೇಲೆ ಝುಂ ಎಂದು ನಡುಗುತ್ತದೆ ಎಂದು ತಿಳಿದ ದಿನ, ಹೋಗಿ ಮಗಳ ತಲೆ ಸವರಿದರು.

ಅಂದಿನಿಂದ ಯಂತ್ರದ ಎದುರು ಯಾರಿರುತ್ತಾರೋ ಅವರ ಕೈಯಲ್ಲಿ ವಾಚು. ಬೆಳಗ್ಗೆಯಿಂದ ಎರಡು ಗಂಟೆಯವರೆಗೆ ಒಳಗಿನ ಕೆಲಸ ಯಜಮಾನರದ್ದು, ಹೊರಗಿನ ಗಲ್ಲಾ ಲಾಂಡ್ರಿಯಮ್ಮನದ್ದು. ಎರಡಕ್ಕೆ ಅದಲು ಬದಲು. ಅವರು ವಾಚು ಬಿಚ್ಚಿ ಇವಳ ಕೈಗೆ ಕಟ್ಟಿ, ಗಲ್ಲಾಕ್ಕೋ ವ್ಯಾನಿಗೋ ಹೋಗುತ್ತಿದ್ದರು. ಇಷ್ಟಾದರೂ ಮನೆಯಲ್ಲಿ ಅದನ್ನು ಎಲ್ಲರೂ ಕರೆಯುತ್ತಿದ್ದದ್ದು ಯಜಮಾನರ ವಾಚು ಎಂದೇ. ಅವರಿಗೆಂದು ತಂದದ್ದು, ಅವರ ಹೆಸರಲ್ಲಿರುವುದು, ಅವರದ್ದೇ. ಇದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಒಂದು ಸೋಮವಾರ ಸಂಜೆ ಮಗಳು ಕೆಲಸದಿಂದ ಬಂದವಳು ಅಪ್ಪನ ಫೋನು ನೋಡುತ್ತಾ ನಿಂತಲ್ಲೇ ನಿಂತಳು.

“ಅಪ್ಪ, ಇದೇನಿದು? ನಿಮ್ಮ ಹೃದಯದ ಬಡಿತ ಲಯ ತಪ್ಪಿದೆ, ಡಾಕ್ಟರ ಹತ್ರ ತೋರಿಸಿ ಅಂತ ಬಂದಿದೆ. ಮಧ್ಯಾಹ್ನವೇ ಬಂದಿದೆ. ನೋಡ್ಲಿಲ್ವಾ?”

“ಅದಕ್ಕೇನು ಕೆಲಸ,” ಎಂದರು ಯಜಮಾನರು. “ಮೊನ್ನೆ ಸ್ಟೂಲ್ ಮೇಲೆ ಕೂತಿದ್ರೆ ಎದ್ದು ಓಡಾಡಿ ಅಂತ ನನಗೇ ಬುದ್ಧಿ ಹೇಳ್ತು.”

ಲಾಂಡ್ರಿಯಮ್ಮನಿಗೆ ನಗು ಬರಲಿಲ್ಲ. ಅವಳಿಗೆ ಒಬ್ಬಳು ಅಕ್ಕ ಇದ್ದಳು. ಒಂದು ದಿನ ಬಾಗಿಲ ಚಿಲಕ ತೆಗೆಯಲು ಕೈಯೆತ್ತಿದವಳು ಹಾಗೇ ಕುಸಿದಿದ್ದಳು. ಎದೆಯ ಬಡಿತ ಯಾವಾಗಿನಿಂದಲೋ ತಾಳ ತಪ್ಪಿತ್ತಂತೆ, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿತ್ತಂತೆ. ಡಾಕ್ಟರು ಹೇಳಿದ್ದು ಎಲ್ಲ ಆದ ಮೇಲೆ. ಬಲಗೈ ಬಲಗಾಲು ಹೋಯಿತು, ಮಾತು ಹೋಯಿತು, ಅಕ್ಕ ಮಾತ್ರ ಆರು ವರ್ಷ ಹಾಸಿಗೆಯಲ್ಲಿ ಉಳಿದಳು. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದು, ಬಾಯಿ ಒರೆಸಿದ್ದು, ಒದ್ದೆ ಹಾಸು ಎಳೆದು ತೆಗೆದದ್ದು ಇವಳೇ. ಎಷ್ಟೋ ಸಲ ಅಕ್ಕ ಎಡಗೈಯಲ್ಲಿ ಇವಳ ಸೆರಗು ಹಿಡಿದು ಏನೋ ಕೇಳಿಕೊಳ್ಳುತ್ತಿದ್ದಳು. ಏನೆಂದು ಇವಳಿಗೆ ಅರ್ಥವಾಗುತ್ತಿತ್ತು. ಅರ್ಥವಾಗದವಳ ಹಾಗೆ ಇರುತ್ತಿದ್ದಳು.

“ನಾಳೆ ಬೆಳಗ್ಗೆ ಆಸ್ಪತ್ರೆಗೆ ಹೋಗೋದು,” ಎಂದಳು. “ತಲೆ ಮೇಲೆ ತಲೆ ಬಿದ್ರೂ ಹೋಗೋದು.”

ಹೋದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ತಾಳ್ಮೆಯವಳು. ಮೆಸೇಜು ಓದಿದಳು. ಕೆಲವರಿಗೆ ಹೃದಯದ ಮೇಲಿನ ಎರಡು ಕೋಣೆ ಸರಿಯಾಗಿ ಬಡಿಯುವುದು ಬಿಟ್ಟು ಸುಮ್ಮನೆ ಅದುರುತ್ತವೆ, ಅಲ್ಲಿ ರಕ್ತ ನಿಂತು ಗಟ್ಟಿಯಾಗಬಹುದು, ವಾಚು ಹುಡುಕುವುದು ಅದನ್ನೇ ಎಂದು ಬಿಡಿಸಿ ಹೇಳಿದಳು. ಇದ್ದರೆ ಮಾತ್ರೆ ಇದೆ, ಸಮಯಕ್ಕೆ ಗೊತ್ತಾದರೆ ಭಯಪಡಬೇಕಿಲ್ಲ ಎಂದೂ ಹೇಳಿದಳು.

“ವಾಚು ದಿನಾ ಕಟ್ಕೊಳ್ತೀರಾ?” ಎಂದು ಯಜಮಾನರನ್ನು ಕೇಳಿದಳು.

“ದಿನಾ ಕಟ್ಕೊಳ್ತೀನಿ. ನಂದೇ ವಾಚು,” ಎಂದರು ಅವರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಇಸಿಜಿ ಮಾಡಿದರು. ಹಗಲು ರಾತ್ರಿ ಬಡಿತ ಬರೆದಿಡುವ ಒಂದು ಪುಟ್ಟ ಯಂತ್ರವನ್ನು ಎದೆಗೆ ಅಂಟಿಸಿ ವಾರ ಬಿಟ್ಟು ಬನ್ನಿ ಎಂದು ಕಳಿಸಿದರು.

ಆ ವಾರ ಲಾಂಡ್ರಿಯಮ್ಮ ಒಂದು ಕಡೆ ಕೂತಳು ಎಂದು ಹೇಳಿದರೆ ಅದು ಶುದ್ಧ ಸುಳ್ಳು. ಗಂಡನ ಊಟದಿಂದ ಉಪ್ಪು ಕಿತ್ತು ಹಾಕಿದಳು. ವ್ಯಾನಿನ ಬೀಗದ ಕೈ ಕಸಿದುಕೊಂಡಳು. ಒದ್ದೆ ಹಾಸುಗಳ ಬುಟ್ಟಿ ಮುಟ್ಟಬೇಡಿ ಎಂದಳು, ಮೆಟ್ಟಿಲು ಹತ್ತಬೇಡಿ ಎಂದಳು, ಬಗ್ಗಬೇಡಿ ಎಂದಳು. ಹಾಗಂದ ಮೇಲೆ ಆ ಬುಟ್ಟಿಗಳನ್ನು ತಾನೇ ಹೊತ್ತಳು. ಅವರು ಕೆಮ್ಮಿದರೆ ಓಡಿ ಬಂದಳು, ಸುಮ್ಮನಿದ್ದರೆ ಇನ್ನೂ ಬೇಗ ಓಡಿ ಬಂದಳು. ಬೆಳಗಿನ ಕೆಲಸವೂ ಅವಳದ್ದೇ, ಮಧ್ಯಾಹ್ನದ್ದೂ ಅವಳದ್ದೇ. ಯಜಮಾನರನ್ನು ಗಲ್ಲಾದ ಹಿಂದೆ ಕುರ್ಚಿ ಹಾಕಿ ಕೂರಿಸಿದಳು. ವಾಚನ್ನೂ ಅವರ ಕೈಯಲ್ಲೇ ಬಿಟ್ಟಳು. ಬ್ಲೀಚ್ ಸುರಿದದ್ದನ್ನು ಇವಳು ಕೂಗಿ ಹೇಳಬೇಕು, ವಾಚು ನಡುಗಿದಾಗ ಅವರು ಪಕ್ಕದ ಮಡಿಸುವ ಕೋಣೆಯ ಗೋಡೆಗೆ ಕೋಲಿನಿಂದ ಬಡಿಯಬೇಕು, ಅಲ್ಲಿರುವ ಇವಳು ಹೋಗಿ ಅತ್ತೆಯವರ ನೀರು ಬಸಿಯಬೇಕು.

ಮಹಡಿಗೆ ಬುಟ್ಟಿ ಹೊತ್ತು ಹತ್ತುವಾಗ ಅರ್ಧದಲ್ಲೇ ಅವಳಿಗೆ ಏದುಸಿರು ಬರುತ್ತಿತ್ತು. ಗೋಡೆ ಹಿಡಿದು ನಿಲ್ಲುತ್ತಿದ್ದಳು. ಎದೆಯೊಳಗೆ ಬಲೆಗೆ ಬಿದ್ದ ಮೀನಿನ ಹಾಗೆ ಏನೋ ಒದ್ದಾಡುತ್ತಿತ್ತು. ಇಷ್ಟು ಚಿಂತೆ ತಲೆ ಮೇಲಿದ್ದರೆ ಇನ್ನೇನಾಗುತ್ತದೆ ಎಂದುಕೊಂಡು ಎರಡು ಗುಟುಕು ನೀರು ಕುಡಿದು ಮತ್ತೆ ಹತ್ತುತ್ತಿದ್ದಳು.

ಕುರ್ಚಿಯ ಮೇಲಿನ ಮನುಷ್ಯ ಮಾತ್ರ ಎಂಟೇ ದಿನಕ್ಕೆ ಮುದುಕನಾದ. ಅದು ಅವಳ ಕಣ್ಣೆದುರೇ ಆಯಿತು. ಇಸ್ತ್ರಿಗೆ ಬಂದ ಮೇಷ್ಟ್ರು, “ಈಗ ಹೇಗಿದೆ ಆರೋಗ್ಯ?” ಎಂದು ದನಿ ತಗ್ಗಿಸಿ ಕೇಳಿದರು. ಹೋಟೆಲಿನ ಮ್ಯಾನೇಜರು ಲೆಕ್ಕದ ಮಾತೇ ಎತ್ತದೆ ಭುಜ ತಟ್ಟಿ ಹೋದ. ಯಾರೋ ಹಣ್ಣು ತಂದಿಟ್ಟರು. ಯಜಮಾನರು ಏಳುವಾಗ ಮೇಜು ಹಿಡಿದು ಏಳತೊಡಗಿದರು, ನಡೆಯುವಾಗ ಕಾಲು ಎಳೆಯತೊಡಗಿದರು. ಬೆಳಗ್ಗೆಯಿಂದ ಸಂಜೆಯವರೆಗೆ ಇಬ್ಬರ ನಗೆಚಾಟಿಕೆ ಕೇಳುತ್ತಿದ್ದ ಅಂಗಡಿಯಲ್ಲಿ ಯಂತ್ರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

“ನನ್ನನ್ನ ಹೀಗೆ ಕೂರಿಸ್ಬೇಡ ಕಣೇ,” ಎಂದರು ಒಂದು ದಿನ. “ಕಾಯಿಲೆಗಿಂತ ಇದು ಕಷ್ಟ.”

“ಅಕ್ಕನ ಹಾಗೆ ಮಲಗಿಬಿಟ್ರೆ?” ಎಂದಳು ಅವಳು. ಅವರು ಕುರ್ಚಿಗೆ ಹಿಂದಕ್ಕೆ ಒರಗಿದರು.

ವಾರ ಕಳೆದು ಡಾಕ್ಟರಮ್ಮ ಕಾಗದಗಳನ್ನು ತಿರುವಿ ಹಾಕಿ ನಕ್ಕಳು. ಏನೂ ಇಲ್ಲ, ಒಂದು ಬಡಿತವೂ ಆಚೀಚೆ ಆಗಿಲ್ಲ, ವಾಚು ಒಮ್ಮೊಮ್ಮೆ ತಪ್ಪು ಹೇಳುವುದುಂಟು, ಮತ್ತೆ ಮೆಸೇಜು ಬಂದರೆ ಮಾತ್ರ ತಡಮಾಡದೆ ಬನ್ನಿ ಎಂದಳು. ಲಾಂಡ್ರಿಯಮ್ಮನಿಗೆ ಹೋದ ಜೀವ ಬಂದಂತಾಯಿತು. ಆಸ್ಪತ್ರೆಯ ಬಾಗಿಲಲ್ಲೇ ನಿಂತು ಅತ್ತುಬಿಟ್ಟಳು. ಯಜಮಾನರು ವ್ಯಾನಿನ ಬೀಗದ ಕೈಗೆ ಕೈಚಾಚಿದರು. ಅವಳು ಕೊಟ್ಟಳು. ದಾರಿಯುದ್ದಕ್ಕೂ ಅವರು ಹಾಡು ಗುನುಗಿದರು, ಅದೂ ಅಪಸ್ವರದಲ್ಲಿ. ಇವಳು ತಡೆಯಲಿಲ್ಲ.

ಮರುದಿನದಿಂದ ಎಲ್ಲ ಮೊದಲಿನಂತೆ. ಗುರುವಾರ ಎರಡು ಗಂಟೆಗೆ ವಾಚು ಅವಳ ಕೈಗೆ ಬಂತು, ಯಜಮಾನರು ಬಟ್ಟೆಯ ಗಂಟುಗಳನ್ನು ತುಂಬಿಕೊಂಡು ವ್ಯಾನು ಹತ್ತಿದರು. ನಾಲ್ಕರ ಹೊತ್ತಿಗೆ ಅತ್ತೆಯವರು ಬರೀ ಸೋಪಿನ ನೀರಲ್ಲಿ ತಿರುಗುತ್ತಿದ್ದರು, ಇನ್ನೂ ಅರ್ಧ ಗಂಟೆ ಕೇಳುವುದೇನೂ ಇರಲಿಲ್ಲ. ಲಾಂಡ್ರಿಯಮ್ಮ ಕನ್ನಡಕ ಹಾಕಿ, ಕಿತ್ತುಹೋದ ಗುಂಡಿ ಹೊಲಿಯಲು ಕೂತಳು. ಕೂತು ಹತ್ತು ನಿಮಿಷವಾಗಿತ್ತು. ವಾಚು ನಡುಗಿತು.

ಹೊತ್ತೇ ಆಗಿಲ್ಲವಲ್ಲ, ಇದಕ್ಕೇನು ಬಂತು ಎಂದು ಎಂದಿನಂತೆ ಹೆಬ್ಬೆರಳಲ್ಲಿ ಒತ್ತಿ ಸುಮ್ಮನಾಗಿಸಲು ಹೋದಳು. ಮೂಗಿನ ಮೇಲೆ ಕನ್ನಡಕ ಇತ್ತು. ಓದಿದಳು. ಮಗಳು ಓದಿ ಹೇಳಿದ್ದ ಮಾತೇ ಅಲ್ಲಿತ್ತು, ಒಂದು ಅಕ್ಷರವೂ ಬದಲಾಗಿರಲಿಲ್ಲ.

ಅವಳು ತಲೆಯೆತ್ತಿ ಗಂಡನನ್ನು ಹುಡುಕಿದಳು. ಗಂಡ ಎಲ್ಲಿದ್ದಾರೆ? ಊರಿನ ಇನ್ನೊಂದು ತುದಿಯಲ್ಲಿ, ಯಾವುದೋ ಹಾಸ್ಟೆಲಿನ ಬಾಗಿಲಲ್ಲಿ ಹಾಸು ಎಣಿಸಿ ಕೊಡುತ್ತಿದ್ದಾರೆ. ಅಂಗಡಿಯಲ್ಲಿ ಇರುವುದು ಅವಳೊಬ್ಬಳೇ. ವಾಚು ಇರುವುದು ಅವಳ ಕೈಯಲ್ಲಿ.

ಆಗ ಒಂದೊಂದೇ ನೆನಪಾಯಿತು. ಆ ಸೋಮವಾರ ಮಧ್ಯಾಹ್ನವೂ ವಾಚು ಹೊತ್ತಲ್ಲದ ಹೊತ್ತಲ್ಲಿ ನಡುಗಿತ್ತು. ಒದ್ದೆ ಕೈಯಲ್ಲೇ ಒತ್ತಿ, ಇದಕ್ಕೂ ತಲೆ ಕೆಟ್ಟಿತು ಎಂದು ಬೈದಿದ್ದಳು. ಏದುಸಿರು. ಮೆಟ್ಟಿಲ ಅರ್ಧದಲ್ಲಿ ಹಿಡಿದ ಗೋಡೆ. ಚಿಂತೆ, ಚಿಂತೆ ಎಂದು ಹೆಸರಿಟ್ಟು ನುಂಗಿದ್ದೆಲ್ಲ. ಎಂಟು ದಿನ ಒಬ್ಬ ಗಟ್ಟಿಮುಟ್ಟಾದ ಮನುಷ್ಯನನ್ನು ಕುರ್ಚಿಗೆ ಕಟ್ಟಿಹಾಕಿ, ಕಾಯಿಲೆಯವಳು ಬುಟ್ಟಿ ಹೊತ್ತು ಮಹಡಿ ಹತ್ತಿದ್ದಳು.

ಹೇಳಬೇಕು ಎಂದುಕೊಂಡಳು. ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. ಹೇಳಿದರೆ ಏನಾಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಕುರ್ಚಿ ಅವಳಿಗೆ ಬರುತ್ತದೆ. ಮೇಷ್ಟ್ರು ದನಿ ತಗ್ಗಿಸುತ್ತಾರೆ. ಮಗಳು ಕೈಯಿಂದ ಬುಟ್ಟಿ ಕಸಿಯುತ್ತಾಳೆ. ಆಮೇಲೆ ಒಂದು ದಿನ, ಇಷ್ಟೆಲ್ಲ ಮಾಡಿಯೂ, ಬಾಗಿಲ ಚಿಲಕಕ್ಕೆ ಕೈಯೆತ್ತಿದಾಗ. ಮುಂದಕ್ಕೆ ಯೋಚಿಸಲು ಅವಳಿಗೆ ಆಗಲಿಲ್ಲ. ಮಾತ್ರೆ ಇದೆ ಎಂದು ಡಾಕ್ಟರಮ್ಮ ಹೇಳಿದ್ದು ಅವಳಿಗೆ ನೆನಪಿತ್ತು. ಹೆದರಿದವರಿಗೆ ಅಂಥ ಮಾತು ನೆನಪಿದ್ದರೂ ಕೆಲಸಕ್ಕೆ ಬರುವುದಿಲ್ಲ. ವಾಚು ಬಿಚ್ಚಿಟ್ಟಳು.

ಸಂಜೆ ಗಂಡ ಬಂದಾಗ, “ಇದರ ಪಟ್ಟಿಗೆ ಕೈಯೆಲ್ಲ ತುರಿಕೆ,” ಎಂದಳು. “ಇನ್ಮೇಲೆ ನೀವೇ ಕಟ್ಕೊಂಡಿರಿ. ಮಧ್ಯಾಹ್ನ ವ್ಯಾನು ಬೇಡ, ಬಟ್ಟೆ ಕೊಡೋದೆಲ್ಲ ಬೆಳಗ್ಗೆ ಮುಗಿಸಿ. ನಡುಗಿದ್ರೆ ಗೋಡೆಗೆ ಬಡೀರಿ, ನಾನು ಬಂದು ನೀರು ಬಸೀತೀನಿ.”

ಜಗಳಕ್ಕೆ ಬರುತ್ತಾರೆ ಎಂದುಕೊಂಡಿದ್ದಳು. ಯಾಕೋ ಯಜಮಾನರು ತಕರಾರಿಲ್ಲದೆ ವಾಚು ತೆಗೆದುಕೊಂಡರು. ಅವಳ ಮುಖ ನೋಡಲಿಲ್ಲ. ಅವಳೂ ಅವರ ಮುಖ ನೋಡಲಿಲ್ಲ, ನೋಡಿದ್ದರೆ ವಿಷಯ ಅಂದೇ ಹೊರಬೀಳುತ್ತಿತ್ತು.

ಶುಕ್ರವಾರ, ಶನಿವಾರ, ಭಾನುವಾರ. ಲಾಂಡ್ರಿಯಮ್ಮನ ಕಾಲು ನೆಲದಲ್ಲಿ ನಿಲ್ಲಲಿಲ್ಲ. ಕೂತರೆ ಎದೆಯ ಒದ್ದಾಟ ಕೇಳಿಸುತ್ತದೆ, ಅದಕ್ಕೆ ಕೂರಲೇ ಇಲ್ಲ. ಒರೆಸಿದ ಕಪಾಟನ್ನೇ ಒರೆಸಿದಳು, ಮಡಿಸಿದ ಹಾಸು ಬಿಚ್ಚಿ ಮಡಿಸಿದಳು. ಅನ್ನದ ತಟ್ಟೆ ಹಿಡಿದು ನಿಂತೇ ಉಂಡಳು. ಮಗಳು, “ಅಮ್ಮ, ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ? ಒಂದು ನಿಮಿಷ ಕೂತ್ಕೋ,” ಎಂದರೆ, “ನಿನ್ನ ಕೆಲಸ ನೀನು ನೋಡು,” ಎಂದು ಸಿಡುಕಿದಳು. ಬಲಗೈ ಜುಮ್ಮೆಂದರೆ ಬೆರಳು ಮಡಿಸಿ ಬಿಡಿಸಿ ನೋಡಿಕೊಂಡಳು. ಯಾರೂ ಇಲ್ಲದಾಗ ತನ್ನ ಹೆಸರನ್ನು ಜೋರಾಗಿ ಹೇಳಿ, ನಾಲಗೆ ತಿರುಗುತ್ತಿದೆ ಎಂದು ಖಾತ್ರಿ ಮಾಡಿಕೊಂಡಳು.

ಸೋಮವಾರ ಹೋಟೆಲಿನಿಂದ ಅರವತ್ತು ಬಿಳಿ ಮೇಜುಬಟ್ಟೆ ಬಂದಿದ್ದವು. ಮಧ್ಯಾಹ್ನ ಮೂರಕ್ಕೆ ಬ್ಲೀಚ್ ಸುರಿದು, ಬಾಗಿಲಿನಿಂದಲೇ ಗಂಡನಿಗೆ ಕೂಗಿ ಹೇಳಿ, ಮಡಿಸುವ ಕೋಣೆಗೆ ಬಂದು ಕಿಟಕಿಯ ಗಾಜು ಒರೆಸಲು ನಿಂತಳು. ಗೋಡೆಗೆ ಬಡಿಯುವ ಸದ್ದು ಬರಲಿಲ್ಲ. ಇನ್ನೂ ಹೊತ್ತಾಗಿಲ್ಲ ಎಂದುಕೊಂಡಳು. ಒಂದು ಕಿಟಕಿ ಮುಗಿಯಿತು, ಇನ್ನೊಂದು ಮುಗಿಯಿತು. ಮೂರನೆಯದಕ್ಕೆ ಕೈ ಹಾಕಿದಾಗ ಬ್ಲೀಚಿನ ಘಾಟು ಮೂಗಿಗೆ ಬಡಿಯಿತು. ಓಡಿದಳು. ಗಡಿಯಾರದಲ್ಲಿ ಮೂರು ಮುಕ್ಕಾಲು. ನೀರು ಬಸಿದು ಒಂದು ಬಟ್ಟೆ ಎಳೆದರೆ ಒದ್ದೆ ಕಾಗದದ ಹಾಗೆ ಕೈಯಲ್ಲೇ ಹರಿದು ಬಂತು.

ಹರಿದ ಬಟ್ಟೆ ಹಿಡಿದುಕೊಂಡೇ ಗಲ್ಲಾಕ್ಕೆ ನುಗ್ಗಿದಳು. ಯಜಮಾನರು ಕುರ್ಚಿಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದರು. ಅವರ ಕೈ ಬರಿದಾಗಿತ್ತು.

“ವಾಚೆಲ್ಲಿ?” ಎಂದಳು.

ಅವರು ಬರೆಯುವುದನ್ನು ನಿಲ್ಲಿಸಿ, ಅವಳ ಕೈಯಲ್ಲಿದ್ದ ಬಟ್ಟೆ ನೋಡಿದರು. ಮೇಜಿನ ಖಾನೆ ಎಳೆದು ಅದರ ತಳದಿಂದ ವಾಚು ತೆಗೆದು ಮೇಜಿನ ಮೇಲಿಟ್ಟರು.

“ತಪ್ಪಾಯ್ತು ಕಣೇ. ಬಡೀಬೇಕು ಅನ್ನೋದು ಮರೆತೇಹೋಯ್ತು.”

“ಮರೆಯೋಕೆ ಆಗುತ್ತಾ? ಕೈಯಲ್ಲಿದ್ರೆ ಅದೇ ನೆನಪು ಮಾಡುತ್ತಲ್ಲ. ಯಾಕೆ ಬಿಚ್ಚಿಟ್ರಿ?”

ಯಜಮಾನರು ಖಾನೆಯನ್ನು ಮೆಲ್ಲಗೆ ಮುಚ್ಚಿದರು.

“ಶುಕ್ರವಾರದಿಂದ ಕಟ್ಟಿಲ್ಲ. ಗಡಿಯಾರ ನೋಡ್ಕೊಂಡೇ ಗೋಡೆಗೆ ಬಡೀತಿದ್ದೆ. ಕಟ್ಟೋಕೆ ಧೈರ್ಯ ಇಲ್ಲ,” ಎಂದರು. “ಗುರುವಾರ ವ್ಯಾನಿಂದ ಇಳಿದು ಒಳಗೆ ಬರ್ತಿದ್ದ ಹಾಗೇ ಫೋನಿಗೆ ಮತ್ತೆ ಅದೇ ಮೆಸೇಜು ಬಂತು. ನಿನಗೆ ಹೇಳ್ಲಿಲ್ಲ. ಹೇಳಿದ್ರೆ ಮತ್ತೆ ನನ್ನನ್ನ ಕೂರಿಸ್ತೀಯಾ ಅಂತ ಸುಮ್ಮನಿದ್ದೆ. ಡಾಕ್ಟರಮ್ಮ ಏನೂ ಇಲ್ಲ ಅಂದಿದ್ದಕ್ಕೆ ನೀನು ಅತ್ತಿದ್ದು ಇನ್ನೂ ಕಣ್ಣ ಮುಂದಿತ್ತು. ಹೇಗೆ ಹೇಳ್ಲಿ?”

ಅವಳು ಮೇಜಿನ ಮೇಲಿದ್ದ ನೋಟ್‌ಬುಕ್ಕು ನೋಡಿದಳು. ಅವರ ದೊಡ್ಡ ದೊಡ್ಡ ಅಕ್ಷರಗಳು. ಅತ್ತೆಯವರು ಮಧ್ಯದಲ್ಲಿ ನಿಂತರೆ ಎಡಗಡೆ ಬೆಲ್ಟು ನೋಡುವುದು. ಬಾಯ್ಲರಿನ ಕೆಂಪು ಹಿಡಿ ಎಂದಿಗೂ ಪೂರ್ತಿ ತಿರುಗಿಸಬಾರದು. ರಿಪೇರಿಯವನು ಬರದಿದ್ದರೆ ಅವನ ಅಣ್ಣನಿಗೆ ಫೋನು ಮಾಡುವುದು, ನಂಬರು ಕೆಳಗಿದೆ. ವ್ಯಾನು ಮಾರುವುದಾದರೆ ಅವಸರ ಮಾಡಬಾರದು. ಹೀಗೆ ಐದು ಪುಟ.

“ಇದೇನು?” ಎಂದಳು, ಗೊತ್ತಿದ್ದೂ.

“ನಾನು ಮಲಗಿಬಿಟ್ರೆ ನಿನಗೆ ಬೇಕಾಗುತ್ತೆ ಅಂತ.”

ನಾಲ್ಕು ದಿನ. ನಾಲ್ಕು ದಿನ ಈ ಮನುಷ್ಯ ಅವಳ ಕಾಯಿಲೆಯನ್ನು ತನ್ನದೆಂದು ಹೊತ್ತುಕೊಂಡು, ಅವಳೆದುರೇ ಕೂತು, ಅವಳಿಲ್ಲಿ ಒಂಟಿಯಾಗಿ ಹೇಗೆ ಬದುಕುತ್ತಾಳೆ ಎಂದು ಬರೆಯುತ್ತಿದ್ದರು. ಒಂದು ಮಾತು ಹೇಳಿದರೆ ಅವರ ಹೆಗಲಿನಿಂದ ಅದು ಇಳಿಯುತ್ತದೆ. ಆದರೆ ಇಳಿದು ಎಲ್ಲಿಗೆ ಹೋಗುತ್ತದೆ? ಸುಮ್ಮನಿದ್ದುಬಿಡಬಹುದು. ಇನ್ನೊಮ್ಮೆ ಅವರನ್ನೇ ಆಸ್ಪತ್ರೆಗೆ ಕರೆದೊಯ್ದು, ಇನ್ನೊಮ್ಮೆ ಏನೂ ಇಲ್ಲ ಎನ್ನಿಸಿಕೊಂಡು, ಇನ್ನೊಮ್ಮೆ ಬಾಗಿಲಲ್ಲಿ ನಿಂತು ಅಳಬಹುದು. ಒಂದು ಗಳಿಗೆ ಆ ಯೋಚನೆ ಬಂದದ್ದು ನಿಜ. ಅದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಗುರುವಾರ ಮಧ್ಯಾಹ್ನ ವಾಚು ಯಾರ ಕೈಯಲ್ಲಿತ್ತು?” ಎಂದಳು.

“ನಂದೇ ವಾಚು...”

“ವಾಚು ನಿಮ್ಮದೇ ರೀ. ಕೈ ಯಾರದ್ದು?”

ಯಜಮಾನರು ತಮ್ಮ ಬರಿ ಮಣಿಕಟ್ಟು ನೋಡಿಕೊಂಡರು. ಒಳಗೆ ಒಣಗಿಸುವ ಯಂತ್ರ ತನ್ನ ಪಾಡಿಗೆ ತಿರುಗುತ್ತಿತ್ತು.

“ನಾಲ್ಕೂ ಕಾಲಿಗೆ ಬಂತು,” ಎಂದಳು ಅವಳು. “ನಾನು ಗುಂಡಿ ಹೊಲೀತಾ ಇದ್ದೆ. ಆವತ್ತು ಸೋಮವಾರ ಬಂದಿದ್ದೂ ನನಗೇ. ನಿಮಗೇನೂ ಆಗಿಲ್ಲ. ನಿಮಗೆ ಯಾವತ್ತೂ ಏನೂ ಆಗಿರ್ಲಿಲ್ಲ. ತುರಿಕೆ ಅಂದಿದ್ದು ಸುಳ್ಳು. ನಿಮ್ಮ ಕೈಗೆ ಕಟ್ಟಿದ್ರೆ ಅದು ಸುಮ್ಮನಿರುತ್ತೆ ಅಂತ ಗೊತ್ತಿತ್ತು, ಅದಕ್ಕೇ ಕಟ್ಟಿದೆ.”

ಅವರ ಮುಖದಲ್ಲಿ ಸಮಾಧಾನ ಕಾಣುತ್ತದೆ ಎಂದು ಅವಳು ಕಾದಳು. ಕಾಣಲಿಲ್ಲ. ಈ ನಾಲ್ಕು ದಿನ ತಮ್ಮ ಸಾವಿನ ಬಗ್ಗೆ ಬರೆಯುವಾಗ ಬಿಗಿಯಾಗಿದ್ದ ಹಿಡಿತ ಈಗ ಸಡಿಲವಾಯಿತು. ಪೆನ್ನು ಕೆಳಗೆ ಬಿತ್ತು. ಅವರು ಎತ್ತಿಕೊಳ್ಳಲಿಲ್ಲ.

“ಮಹಡಿಗೆ ಬುಟ್ಟಿ ಎಲ್ಲ ನೀನೇ ಹೊತ್ತೆಯಲ್ಲೇ,” ಎಂದರು.

“ಹೊತ್ತೆ.”

“ಏಳು, ಹೋಗೋಣ.”

“ನಿಂತೇ ಇದ್ದೀನಿ. ಹೋಟೆಲಿನವನಿಗೆ ಮೊದಲು ಒಂದು ಮಾತು...”

“ಹೋಟೆಲು ಹಾಳಾಗಿ ಹೋಗ್ಲಿ,” ಎಂದು ಯಜಮಾನರು ಒಳಗೆ ಹೋಗಿ ಯಂತ್ರಗಳನ್ನು ಒಂದೊಂದಾಗಿ ಆರಿಸಿದರು. ಹಗಲು ಹೊತ್ತಿನಲ್ಲಿ ಅಷ್ಟು ನಿಶ್ಶಬ್ದ ಆ ಅಂಗಡಿಗೆ ಹೊಸದು.

ವ್ಯಾನಿನಲ್ಲಿ ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಒರೆಸಲು ಏನೂ ಇರಲಿಲ್ಲ, ಮಡಿಸಲು ಏನೂ ಇರಲಿಲ್ಲ.

“ನನ್ನನ್ನ ಕೂರಿಸ್ಬಿಡ್ತೀರಾ?” ಎಂದು ಕೇಳಿದಳು.

“ಇಲ್ಲ. ಮಾತ್ರೆ ನುಂಗಿಸ್ತೀನಿ. ಬುಟ್ಟಿ ನಾನು ಹೊರ್ತೀನಿ. ಮಿಕ್ಕಿದ್ದೆಲ್ಲ ನೀನೇ ಮಾಡು, ನನ್ನ ಮೇಲೆ ರೇಗೋದೂ ಸೇರಿ.”

ಅವಳಿಗೆ ಸ್ವಲ್ಪ ನಗು ಬಂತು, ಅದರ ಬೆನ್ನಿಗೇ ಅಳು.

“ಅಕ್ಕ ನನ್ನ ಸೆರಗು ಹಿಡಿದು ಕೇಳ್ತಿದ್ಲಲ್ಲ,” ಎಂದಳು. “ಕಳಿಸಿಬಿಡು ಅಂತ ಕೇಳ್ತಿದ್ಲು. ಗೊತ್ತಾಗ್ತಿತ್ತು ನನಗೆ. ಯಾರಿಗೂ ಹೇಳಿಲ್ಲ. ನನಗೆ ಭಯ ಆಗ್ತಿದೆ ರೀ.”

ಯಜಮಾನರು ಬೀಗದ ಕೈ ತಿರುಗಿಸಿದರು. ಎರಡು ಸಲ ಕೆಮ್ಮಿ ಇಂಜಿನ್ನು ಹಿಡಿದುಕೊಂಡಿತು.

“ನನಗೂ,” ಎಂದರು.